ಚೈನ್ ಕವರಿನ ಮೇಲಿದ್ದ ಹೆಸರು

ಬೇಡ ಅಂದದ್ದನ್ನೇ ಮಾಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇತ್ತು. ದೊಡ್ಡವನಾದ ಮೇಲೆ ಅದಕ್ಕೆ ಹವ್ಯಾಸ ಎಂದು ಹೆಸರಿಟ್ಟುಕೊಂಡೆ, ಅಷ್ಟೇ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಕಚೇರಿ ಬಿಟ್ಟ ಮೇಲೆ ಮಾಡಲು ಕೆಲಸವಿರುತ್ತಿರಲಿಲ್ಲ. ತುಕ್ಕು ಹಿಡಿದ ಸಾಮಾನು ಎಲ್ಲಿ ಕಂಡರೂ ಮನೆಗೆ ಹೊತ್ತು ತಂದು, ಬಿಚ್ಚಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದೆ. ಪಕ್ಕದ ಮನೆಯವರ ಟೇಬಲ್ ಫ್ಯಾನು, ಕಚೇರಿಯ ಮುರುಕು ಕುರ್ಚಿ, ನಮ್ಮದೇ ಟ್ರಂಕು, ಎಲ್ಲವೂ ನನ್ನ ಕೈಯಲ್ಲಿ ಹಸಿರಾಗಿದ್ದವು. ಬ್ರಷ್ಷಿನ ಗೆರೆ ಕಾಣಬಾರದು ಅನ್ನುವುದು ನನ್ನ ಹಟ. ಗಾಳಿ ಯಂತ್ರ ಇಟ್ಟುಕೊಂಡು ಜೀಪಿಗೆ ಬಣ್ಣ ಹೊಡೆಯುವವರ ಸವಲತ್ತು ನನಗೆ ಎಲ್ಲಿಂದ ಬರಬೇಕು? ಸೊಳ್ಳೆ ಔಷಧಿ ಹೊಡೆಯುವ ತಗಡಿನ ಕೈಪಂಪಿಗೇ ಥಿನ್ನರ್ ಬೆರೆಸಿದ ಬಣ್ಣ ತುಂಬಿ ಒತ್ತುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಚನ್ನಗಿರಿಯ ಬಾಡಿಗೆ ಮನೆ ಬಿಟ್ಟು ನನ್ನ ಜೊತೆ ಇರಲು ಬಂದಳು. ಬಸ್ಸಿನ ಮೇಲೆ ಅಪ್ಪನ ಸೈಕಲ್ಲೂ ಬಂತು. ಅಪ್ಪ ಅಡಿಕೆ ಮಂಡಿಯಲ್ಲಿ ಚೀಲದ ಮೇಲೆ ಹೆಸರು, ಊರು, ಗುರುತು ಬರೆಯುತ್ತಿದ್ದರು. ದಪ್ಪ ಬ್ರಷ್ಷು, ಕಪ್ಪು ಬಣ್ಣ, ಗೋಣಿಯ ನೂಲಿನ ಮೇಲೂ ಕದಲದ ಕೈ. ಜೀವಮಾನವಿಡೀ ಬರೆದದ್ದೆಲ್ಲ ಲಾರಿ ಹತ್ತಿ ಉತ್ತರದ ಕಡೆಗೆ ಹೋಗಿತ್ತು. ಮನೆಯಲ್ಲಿ ಉಳಿದದ್ದು ಒಂದೇ, ಸೈಕಲ್ಲಿನ ಚೈನ್ ಕವರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದುಕೊಂಡ ಅವರ ಹೆಸರು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಇಳಿದಿತ್ತು. ಊರವರಿಗೆಲ್ಲ ಅಳತೆ ತಪ್ಪದೆ ಬರೆದ ಮನುಷ್ಯ ತನ್ನ ಹೆಸರಿಗೆ ಬಂದಾಗ ಮುಗ್ಗರಿಸಿದ್ದರು.

ಅವ್ವನಿಗೆ ಓದು ಬರುತ್ತಿರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅಂತ ಅವಳ ತಾಯಿ ಹೇಳಿ ಕಳಿಸಿದ್ದಳಂತೆ. ರೇಷನ್ ಕಾರ್ಡಿನವರೋ ಮತ್ತೊಬ್ಬರೋ ಬಂದು ಯಜಮಾನರ ಹೆಸರು ಕೇಳಿದರೆ, ಅವ್ವ ಸೆರಗು ಸರಿಮಾಡಿಕೊಂಡು ಅವರನ್ನು ಸೈಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಬೆರಳು ತೋರಿಸುತ್ತಿದ್ದಳು. ಅಪ್ಪ ಸೈಕಲ್ ಹತ್ತಿ ಹೋಗಿದ್ದರೆ ಸಂಜೆ ಬನ್ನಿ ಅನ್ನುತ್ತಿದ್ದಳು. ನಾವು ಮಕ್ಕಳು ಎಷ್ಟು ಗೇಲಿ ಮಾಡಿದರೂ ಅಷ್ಟೇ. ಅಪ್ಪ ಹೋದ ಮೇಲಾದರೂ ಹೇಳಬಹುದಿತ್ತು, ಆಗಲೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಆ ಚೈನ್ ಕವರನ್ನು ಮಾತ್ರ ಒರೆಸಿ ಒಳಗೆ ಬರುತ್ತಿದ್ದಳು.

ನನ್ನ ಕಣ್ಣು ಆ ಸೈಕಲ್ಲಿನ ಮೇಲೆ ಬಿದ್ದಿತ್ತು. ಮಡ್ಗಾರ್ಡು ತುಕ್ಕು ತಿಂದಿತ್ತು, ಹ್ಯಾಂಡಲ್ಲಿನ ಬುಡದಲ್ಲಿ ಬಣ್ಣ ಹಕ್ಕಳೆ ಎದ್ದಿತ್ತು. ಹೊಸದರಂತೆ ಮಾಡುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಏನಾರ ಮಾಡ್ಕ. ಆ ಚೈನ್ ಕವರ್ ಒಂದು ಮುಟ್ಬೇಡ. ಅದ್ರಾಗೆ ಬರ್ದೈತೆ.”

ಏನು ಬರೆದಿದೆ ಎಂದು ಹೇಳಲಿಕ್ಕೂ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಹೊಳೆಯುವಾಗ ಅದೊಂದು ಹಳೆಯದು ಹಾಗೇ ಇದ್ದರೆ ತೇಪೆ ಹಾಕಿದಂತೆ ಕಾಣುತ್ತದೆ, ಬಣ್ಣ ಹೊಡೆದು ಇದಕ್ಕಿಂತ ಚೆನ್ನಾಗಿ ನಾನೇ ಬರೆಯುತ್ತೇನೆ ಅಂದೆ. ಅವ್ವ ಮಾತಾಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡೆ. ಸಮ್ಮತಿ ಅಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅವಳು ಹೊನ್ನಾಳಿಯ ತನ್ನ ತಂಗಿ ಮನೆಗೆ ಹೋಗುವ ತನಕ ಯಾಕೆ ಕಾಯುತ್ತಿದ್ದೆ?

ಅವಳು ಬಸ್ಸು ಹತ್ತಿದ ಭಾನುವಾರವೇ ಸೈಕಲ್ ಬಿಚ್ಚಿದೆ. ಜೀಪಿಗೆ ಬಣ್ಣ ಹೊಡೆಯುವ ಸಾಹೇಬರೊಬ್ಬರು ನನಗೆ ಕಲಿಸಿದ್ದು ಒಂದೇ ಪಾಠ, ಬಣ್ಣ ಹೊಡೆಯುವುದು ಕೊನೆಯ ಮಾತು, ಉಜ್ಜುವುದೇ ಕೆಲಸ. ಹಳೇ ಬಣ್ಣ ಚೂರು ಉಳಿದರೂ ಹೊಸದು ಕಚ್ಚುವುದಿಲ್ಲ. ಸೀಮೆಎಣ್ಣೆಯಲ್ಲಿ ಜಿಡ್ಡು ತೆಗೆದೆ. ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು. ಮಡ್ಗಾರ್ಡು, ಚೌಕಟ್ಟು ಮುಗಿಸಿ ಚೈನ್ ಕವರನ್ನು ತೊಡೆಯ ಮೇಲಿಟ್ಟುಕೊಂಡೆ. ಅಪ್ಪ ಬಣ್ಣವನ್ನು ದಪ್ಪ ಹಾಕಿದ್ದರು, ಬೇಗ ಬಿಡಲಿಲ್ಲ. ಮೊದಲ ಅಕ್ಷರ ಹೋಗುವಷ್ಟರಲ್ಲಿ ಉಪ್ಪುಕಾಗದ ಎರಡು ಸಲ ಬದಲಿಸಬೇಕಾಯಿತು. ಆಗ ನನಗೆ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಶಿಳ್ಳೆ ಹಾಕುತ್ತಿದ್ದೆ. ಕೆಳಗೆ ಇಳಿದಿದ್ದ ಕೊನೆಯ ಅಕ್ಷರ ಹೋದಾಗ, ಒಂದು ಓರೆ ಸರಿಯಾಯಿತು ಎಂದು ಸಮಾಧಾನವೂ ಆಯಿತು.

ಜಗಳೂರಿನ ಗಾಳಿಯಲ್ಲಿ ಧೂಳು ಜಾಸ್ತಿ. ಹಿತ್ತಿಲಿಗೆ ನೀರು ಚಿಮುಕಿಸಿ, ಭಾಗಗಳನ್ನು ತಂತಿಯಲ್ಲಿ ನೇತು ಹಾಕಿ, ಹಳೇ ಪಂಚೆಯಲ್ಲಿ ಬಣ್ಣ ಸೋಸಿದೆ. ಕೆಂಪು ಪ್ರೈಮರ್ ಒಂದು ಕೈ, ಹಸಿರು ಮೂರು ಕೈ. ಪಂಪನ್ನು ಒಂದು ಗೇಣು ದೂರ ಹಿಡಿದು, ಎಲ್ಲೂ ನಿಲ್ಲಿಸದೆ ಈ ತುದಿಯಿಂದ ಆ ತುದಿಗೆ. ಒಂದು ಹನಿ ಇಳಿಯಲಿಲ್ಲ. ನನ್ನ ಕೈಯಲ್ಲಿ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಹೆಸರು ಬರೆಯಲು ಕೂತಾಗ ಮಾತ್ರ ಅಕ್ಷರ ಒಂದೇ ಸಮ ಬರಲಿಲ್ಲ. ಮೂರು ಸಲ ಬರೆದು ಮೂರು ಸಲ ಒರೆಸಿ, ಕೊನೆಗೆ ಅಂಗಡಿ ಬೋರ್ಡು ಬರೆಯುವವನ ಹತ್ತಿರ ಒಯ್ದೆ. ಅವನು ಹಳದಿಯಲ್ಲಿ ಬರೆದು ಕೆಂಪು ನೆರಳು ಕೊಟ್ಟ.

ಎಂಟನೇ ದಿನಕ್ಕೆ ಅವ್ವ ಬಂದಳು. ಕೈಚೀಲ ಕೆಳಗಿಡದೆ ಸೈಕಲ್ಲಿನ ಮುಂದೆ ನಿಂತಳು. ಅಕ್ಷರ ಅವೇ, ಬೇಕಾದರೆ ಯಾರನ್ನಾದರೂ ಕೇಳು ಎಂದು ನಾನೇ ಮೊದಲು ಬಾಯಿ ಹಾಕಿದೆ. ಓದಲು ಬಾರದವಳಿಗೆ ಗಂಡನ ಕೈ ಯಾವುದು, ಪರರ ಕೈ ಯಾವುದು ಎಂದು ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ ನಾನು, ಪದವೀಧರ. ಚೆನ್ನಾಗಿದೆ ಅಂದಳು. ಚೀಲ ಕೆಳಗಿಟ್ಟು ಒಂದೇ ಒಂದು ಮಾತು ಕೇಳಿದಳು.

“ಉಜ್ಜಿದ ಪುಡಿ ಎಲ್ಲಿ ಹಾಕ್ದೆಪ್ಪ?”

ಗುಡಿಸಿ ತಿಪ್ಪೆಗೆ ಹಾಕಿದ್ದೆ. ಹಾಗೆಂದೇ ಹೇಳಿದೆ.

ಮರುದಿನದಿಂದ ಅವಳು ಸೈಕಲ್ ಒರೆಸಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ನಾನು ಒಂದು ದಿನ ರಜೆ ಹಾಕಿ ಚನ್ನಗಿರಿಗೆ ಹೋದೆ. ಅಪ್ಪ ಬರೆದ ಒಂದು ಖಾಲಿ ಚೀಲವಾದರೂ ಸಿಕ್ಕೀತು ಎಂದು ಮಂಡಿ, ಗೋದಾಮು ಎಲ್ಲ ತಿರುಗಿದೆ. ಅಪ್ಪನ ಜಾಗದಲ್ಲಿ ಕೂತಿದ್ದವನು ತಗಡಿನ ಅಚ್ಚು ಇಟ್ಟು ಬಣ್ಣ ಬಳಿಯುತ್ತಿದ್ದ. ಹೋದ ಚೀಲ ವಾಪಸ್ ಬರಾಕೆ ಅದೇನು ಮಗಳ ಮನೆಗೆ ಹೋಗೈತಾ ಎಂದು ಹಮಾಲರೊಬ್ಬರು ನಕ್ಕರು. ನಾನು ಯಾರ ಮಗ ಎಂದು ತಿಳಿದ ಮೇಲೆ ನಗು ನಿಲ್ಲಿಸಿ ಚಹಾ ಕುಡಿಸಿದರು. ಬರಿಗೈಯಲ್ಲಿ ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಅವ್ವನಿಗೆ ಹೇಳಲಿಲ್ಲ.

ಮುಂದಿನ ವರ್ಷ ಒಂದು ಭಾನುವಾರ ಮತದಾರರ ಪಟ್ಟಿ ಬರೆಯಲು ಶಾಲೆಯ ಮೇಷ್ಟ್ರೊಬ್ಬರು ಬಂದರು. ನಾನು ಒಳಗೆ ಕಿಟಕಿಯ ಹತ್ತಿರ ಗಡ್ಡ ಹೆರೆದುಕೊಳ್ಳುತ್ತಿದ್ದೆ, ಅವ್ವ ಜಗಲಿಯ ಮೇಲಿದ್ದಳು. ವಯಸ್ಸು ಬರೆದುಕೊಂಡು, ಗಂಡನ ಹೆಸರೇನಮ್ಮ ಎಂದರು. ಸೈಕಲ್ ಅಲ್ಲೇ, ಅವಳ ಕೈಗೆ ಎಟಕುವಷ್ಟರಲ್ಲಿ ಗೋಡೆಗೆ ಒರಗಿತ್ತು. ಹಳದಿ ಅಕ್ಷರ ಬೀದಿಯ ಆಚೆಗೂ ಕಾಣುತ್ತಿತ್ತು. ತೋರಿಸುತ್ತಾಳೆ ಎಂದು ಕಾದೆ. ತೋರಿಸಲಿ ಎಂದು ಬೇಡಿಕೊಂಡೆ ಕೂಡ.

ಅವ್ವ ಹೆಸರು ಹೇಳಿದಳು. ಅಪ್ಪನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಭ್ಯಾಸವಿಲ್ಲದ ನಾಲಿಗೆ ನಡುವೆ ತೊಡರಿತು. ಮೇಷ್ಟ್ರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳ್ರಿ ಎಂದರು. ಅವಳು ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದಳು.

ಅವರು ಹೋದ ಮೇಲೆ ಒಳಗೆ ಬಂದಳು. ಅರ್ಧ ಹೆರೆದ ಗಡ್ಡದಲ್ಲಿ ನಿಂತಿದ್ದ ನನ್ನನ್ನು ನೋಡಿ, ನಾನು ಏನೂ ಕೇಳದಿದ್ದರೂ ಅಂದಳು:

“ಅವ್ರ ಅಕ್ಷರ ಇರೋ ತನ್ಕ ಅವ್ರು ಇನ್ನ ಅದಾರೆ ಅನ್ನಿಸ್ತಿತ್ತು. ಈಗ ಹೇಳಿದ್ರೆ ಯಾರಿಗೇನಾಕೈತೆ ಬಿಡು.”