ಕೂಜದಲ್ಲಿ ಬಂದ ಹೊಳೆ ನೀರು

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಗೆ ನಲ್ಲಿ ಬಂದಿರಲಿಲ್ಲ. ಹಿತ್ತಲ ಬಾವಿಯ ನೀರು ಕಣ್ಣಿಗೆ ತಿಳಿ, ಬಾಯಿಗೆ ಉಪ್ಪು. ಅದರಲ್ಲಿ ಸೋಪು ನೊರೆ ಬಿಡುತ್ತಿರಲಿಲ್ಲ, ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ನೀರು ಕುಡಿದು ಬೆಳೆದ ಅಮ್ಮನಿಗೆ ದಿನಾ ಅದೇ ಕೊರಗು.

ಪಟಿಕ ಹಾಕಿ ನೋಡಿದಳು, ಪ್ರಯೋಜನವಾಗಲಿಲ್ಲ. ಚಿಟಿಕೆ ಸೋಡಾ ಹಾಕಿದಳು. ಬೇಳೆ ಬೆಂದಿತು, ಸಾರು ಕೆಟ್ಟಿತು. ಅಪ್ಪ ಬಹಳ ಗತ್ತಿನಿಂದ ಒಂದು ಪಿಂಗಾಣಿ ಫಿಲ್ಟರು ತಂದರು. ಅದರಲ್ಲಿ ಕಸ ನಿಂತಿತೇ ಹೊರತು ಉಪ್ಪು ನಿಲ್ಲಲಿಲ್ಲ. ಆದರೂ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವುದನ್ನು ಅವರು ಬಿಡಲಿಲ್ಲ.

ಮಗಳ ಕಾಗದ ಓದಿದ ತಾತ, ನಮ್ಮಮ್ಮನ ಅಪ್ಪ, ಬರುವಾಗಲೆಲ್ಲ ತಿರುಪಿನ ಮುಚ್ಚಳದ ದೊಡ್ಡ ಹಿತ್ತಾಳೆ ಕೂಜದಲ್ಲಿ ಹೊಳೆ ನೀರು ತುಂಬಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರತೊಡಗಿದರು. ಮಗಳು ತೊವ್ವೆ ಮಾಡಲಿ ಎಂದು.

ಅಷ್ಟರಲ್ಲಿ ಅಮ್ಮ ತಾನೇ ದಾರಿ ಕಂಡುಕೊಂಡಳು. ಬಚ್ಚಲ ಹಂಡೆಯ ತಳದಲ್ಲಿ ಸುಣ್ಣದಂತೆ ಬಿಳಿ ಕಟ್ಟುವುದನ್ನು, ಆ ಕಾದ ನೀರಿನಲ್ಲಿ ಸೋಪು ಅಷ್ಟಿಷ್ಟು ನೊರೆ ಬಿಡುವುದನ್ನು ಗಮನಿಸಿದ್ದಳು. ಅಡುಗೆಯ ನೀರನ್ನೂ ಹಿಂದಿನ ದಿನವೇ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡಳು. ಬೇಳೆ ಬೆಣ್ಣೆಯ ಹಾಗೆ ಬೆಂದಿತು.

ಮುಂದಿನ ಸಲ ಬಂದ ತಾತ ಆ ತೊವ್ವೆ ಉಂಡು, ನಮ್ಮ ಹೊಳೆ ನೀರಿನ ಗುಣವೇ ಗುಣ ಎಂದು ಇನ್ನೊಂದು ಸಲ ಬಡಿಸಿಕೊಂಡರು. ಅಮ್ಮ ಹೌದೆಂದಳು. ಕೂಜದ ಮುಚ್ಚಳವನ್ನು ಅವಳಿನ್ನೂ ತೆಗೆದೇ ಇರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಕಣ್ಣಲ್ಲೇ ಗದರಿದಳು.

ತಾತ ಹೊರಟ ಮೇಲೆ ದಿನಾ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕೂತು, ಕೂಜದ ನೀರನ್ನು ಅರ್ಧರ್ಧ ಲೋಟ ಕುಡಿಯುತ್ತಿದ್ದಳು. ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ.

“ಇಲ್ಲಿನ ನೀರಲ್ಲೇ ಬೇಯುತ್ತೆ ಅಂದ್ಬಿಟ್ರೆ, ನಮ್ಮಪ್ಪ ಮುಂದಿನ ಸಲ ತರಲ್ಲ ಕಣೇ.”

ಆಮೇಲೆ ಎರಡು ಸಲ ತಂದರು, ಅಷ್ಟೇ. ಮೂರನೆಯ ಸಲಕ್ಕೆ ಅವರೇ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕಾವೇರಿಯೇ ನಮ್ಮ ಮನೆಯ ನಲ್ಲಿಗೆ ಬಂತು. ಬೀದಿಯವರೆಲ್ಲ ಸಂಭ್ರಮಪಟ್ಟರು. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ನೀರು ಬಂತು,” ಎಂದಳು. “ನಮ್ಮಪ್ಪ ಬರ್ಲಿಲ್ಲ.”