ಇನ್ನೊಂದ್ಸಲ ಅಕ್ಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮವು ಎರಡು ಕೋಣೆ, ನಡುವೆ ಒಂದು ಕಿಂಡಿ. ಆಚೆ ಅಕ್ಕ ಆಪರೇಷನ್ನಿನ ಕತ್ತರಿ, ಇಕ್ಕಳಗಳ ರಕ್ತ ತೊಳೆಯುತ್ತಿದ್ದಳು. ಈಚೆ ನಾನು ಅವನ್ನು ನೋಡಿ, ಕಟ್ಟಿ, ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ ಹಬೆಗೆ ಇಡುತ್ತಿದ್ದೆ. ಸ್ವಂತ ಅಕ್ಕನೇನಲ್ಲ. ಇಪ್ಪತ್ತೆರಡು ವರ್ಷ ಅದೇ ಸಿಂಕಿನ ಮುಂದೆ ನಿಂತವಳು, ಎಲ್ಲರಿಗೂ ಅಕ್ಕ.

ಮೂರು ತಿಂಗಳಿಂದ ಅವಳಿಗೆ ಅದೇನು ಹಿಡಿದಿತ್ತೋ, ಕಿಂಡಿಯವರೆಗೆ ಬಂದ ಟ್ರೇಯನ್ನು "ತಡಿ, ಇನ್ನೊಂದ್ಸಲ" ಅಂತ ವಾಪಸ್ ಎಳೆದುಕೊಳ್ಳುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುವುದು, ಇಕ್ಕಳದ ಕೀಲು ಬಿಡಿಸಿ ಬೆರಳಲ್ಲಿ ತಡಕುವುದು. "ಮೊಸರಲ್ಲಿ ಕಲ್ಲು ಹುಡುಕ್ಬೇಡಕ್ಕ" ಅಂತ ನಾನು ರೇಗುತ್ತಿದ್ದೆ. ರೇಗದೆ ಏನು ಮಾಡಲಿ? ಮೇಲೆ ಆಪರೇಷನ್ ಥಿಯೇಟರಿನಿಂದ ಫೋನು ಬಂದರೆ ಬೈಸಿಕೊಳ್ಳುವವಳು ನಾನು. ಕೊನೆಗೆ ಮೇಲ್ವಿಚಾರಕಿ ಸಿಸ್ಟರ್ ಅಕ್ಕನ ಮುಖಕ್ಕೇ ಹೇಳಿದರು: "ಇನ್ನೊಂದು ಟ್ರೇ ತಡವಾದ್ರೆ ನಿಮ್ಮನ್ನ ಬಟ್ಟೆ ಮಡಚೋಕೆ ಹಾಕ್ತೀನಿ."

ಅಕ್ಕ ಮಧ್ಯಾಹ್ನ ಊಟವನ್ನೇ ಮಾಡಲಿಲ್ಲ. "ಈ ಸಿಂಕು ಬಿಟ್ರೆ ನಾನು ಯಾವುದಕ್ಕೂ ಬರಲ್ಲ ಕಣೇ" ಅಂದಳು.

ಮರುದಿನ ಬೆಳಿಗ್ಗೆ ಒಂದು ಅರ್ಜೆಂಟು ಟ್ರೇ. ಅಕ್ಕ ಕಿಂಡಿಯಲ್ಲಿಟ್ಟು, ಮತ್ತೆ ಕೈಹಾಕಿದಳು. ನನಗೆ ತಲೆ ಕೆಟ್ಟಿತ್ತು. "ನಿನ್ನ ಸಂಶಯಕ್ಕೆ ಮದ್ದಿಲ್ಲ, ಕೊಡು ಬೇಗ" ಅಂತ ಕಿತ್ತುಕೊಂಡೆ. ಗಡಿಬಿಡಿಯಲ್ಲಿ ನಾನೂ ಸರಿಯಾಗಿ ನೋಡದೆ ಕಟ್ಟಿ, ಯಂತ್ರದ ಬಾಗಿಲು ಹಾಕಿದೆ.

ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ಸಿಂಕಿಗೆ ಹೋದಳು, ಕಿಂಡಿಗೆ ಬಂದಳು, ಮತ್ತೆ ಹೋದಳು. ಸಿಸ್ಟರ್ ನನ್ನ ಪಕ್ಕದಲ್ಲೇ ನಿಂತಿದ್ದಾಗ ಕಿಂಡಿ ಬಡಿದಳು.

"ಅದನ್ನ ನಿಲ್ಸು. ನಂಗೆ ಕಣ್ಣು ಕಾಣಿಸ್ತಿಲ್ಲ. ಮೂರು ತಿಂಗಳಾಯ್ತು, ಎಲ್ಲಾ ಮಂಜು ಮಂಜು."

ಯಂತ್ರ ನಿಲ್ಲಿಸಿ, ಆರಿದ ಮೇಲೆ ಕಟ್ಟು ಬಿಚ್ಚಿದೆವು. ಒಂದು ಸಣ್ಣ ಇಕ್ಕಳದ ಕೀಲಿನೊಳಗೆ ಒಣಗಿದ ರಕ್ತದ ಕಂದು ಗೆರೆ. ಅದು ಹಾಗೇ ಯಾರದೋ ಹೊಟ್ಟೆಯೊಳಗೆ ಹೋಗುತ್ತಿತ್ತು.

"ಇಷ್ಟು ದಿನ ಹೋದ ಟ್ರೇಗಳ ಗತಿ ಏನಮ್ಮ?" ಸಿಸ್ಟರ್ ಕೇಳಿದರು.

"ಚೊಕ್ಕ ಆಯ್ತು ಅಂತ ಬೆರಳಿಗೆ ಗೊತ್ತಾಗೋವರೆಗೂ ತೊಳ್ದಿದೀನಿ. ಅನುಮಾನ ಇದ್ದೂ ಬಿಟ್ಟಿದ್ದು ಇದೊಂದೇ."

"ಇದನ್ನ ಯಾಕೆ ಬಿಟ್ರಿ?"

ಅಕ್ಕ ಸಿಂಕಿನ ಕಡೆ ಮುಖ ಮಾಡಿದಳು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಕಿತ್ತುಕೊಂಡವಳು ನಾನು, ಹೇಳಬೇಕಾದವಳೂ ನಾನು. ನಾನು ಇಕ್ಕಳ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ನಿಂತಿದ್ದೆ.