‘ರೀ’ ಎಂದದ್ದಕ್ಕೆ ಓಗೊಟ್ಟವರು

ದೆವ್ವ, ಗಾಳಿ, ಅಡವಿಯಲ್ಲಿ ಕರೆಯುವ ದನಿ, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ತವರುಮನೆಯಲ್ಲಿ ಲಿಂಗಪೂಜೆ ಇತ್ತು, ಯಂತ್ರ-ತಾಯಿತ ಇರಲಿಲ್ಲ. ಮೇಲಾಗಿ ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಾರಾದರೂ ಇಂಥ ಕಥೆ ಶುರುಮಾಡಿದರೆ ‘ರಾತ್ರಿ ಏನು ಉಂಡಿದ್ದಿರಿ?’ ಎಂದು ಕೇಳುವವರ ಪೈಕಿ. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗುವವರು ನಗಲಿ, ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನಡೆದದ್ದು ಅಮಾವಾಸ್ಯೆಯ ಕತ್ತಲಲ್ಲಿ ಅಲ್ಲ, ಹಾಡುಹಗಲಲ್ಲಿ, ಹೊಟ್ಟೆ ತುಂಬ ರೊಟ್ಟಿ ತಿಂದ ಮೇಲೆ.

ಸೈಕಲ್ಲು ನಮ್ಮ ಮನೆಗೆ ಬಂದದ್ದು ನಮ್ಮವರ ಸಕ್ಕರೆ ಕಾಯಿಲೆಯ ಹಿಂದೆಯೇ. ಡಾಕ್ಟರು ದಿನಾ ಒಂದಿಷ್ಟು ನಡೆಯಿರಿ ಎಂದರೆ ಇವರು ಗೇರಿನ ಸೈಕಲ್ಲನ್ನೇ ತಂದರು. ಮೊದಲು ಕೋಟೆಯ ಸುತ್ತ ಒಂದು ಚಕ್ಕರ್, ಆಮೇಲೆ ಸಾಂಬ್ರಾದ ತನಕ, ಆಮೇಲೆ ಹುಚ್ಚೇ ಹಿಡಿಯಿತು. ರವಿವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಮನುಷ್ಯ ಮಾಯ. ಅದೇ ವರ್ಷ ನನ್ನ ಅವ್ವ ತೀರಿಕೊಂಡಿದ್ದಳು. ದಿನಾ ಸಂಜೆ ಫೋನು ಮಾಡಿ ‘ಹೆಂಗ ಅದೀ?’ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳು ಹೋದ ಮೇಲೆ ‘ಊಟಾ?’, ‘ಆತು’ ಎಂಬೆರಡು ಮಾತಿನಲ್ಲಿ ನಮ್ಮ ಮನೆಯ ದಿನ ಮುಗಿಯತೊಡಗಿತು. ನಮ್ಮವರು ಕೆಟ್ಟವರಲ್ಲ, ಮಾತು ಕಡಿಮೆ, ಅಷ್ಟೇ. ಕಡೆಗೆ ಐವತ್ತರ ಹೊಸ್ತಿಲಲ್ಲಿ ನಾನೂ ಒಂದು ಸೈಕಲ್ ಕೊಡಿಸಿಕೊಂಡು ಅವರೊಂದಿಗೆ ಹೊರಟೆ. ಓಣಿಯವರು ‘ಏನ್ ಜೋಡಿರೀ ನಿಮ್ಮದು!’ ಎಂದು ಹೊಗಳಿದರು. ಜೋಡಿ ಎಲ್ಲಿಯದು? ಊರೂರು ಸುತ್ತಿ ನಾನು ನೋಡಿದ್ದೆಲ್ಲ ಅವರ ಬೆನ್ನು. ಏರು ಬಂದರೆ ಅದೂ ಕಾಣುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಾನು ನಾಲ್ಕಕ್ಷರ ಕಲಿತವಳಾದರೂ ಗಂಡನ ಹೆಸರು ಹಿಡಿಯುವುದರಲ್ಲಿ ಹಳೇ ಕಾಲದವಳು. ಮದುವೆ, ಬಸುರಿಯರ ಕುಬಸಗಳಲ್ಲಿ ಹೆಂಗಸರು ಬಿಡದೆ ಕಾಡಿ, ಗಂಡನ ಹೆಸರನ್ನು ಪ್ರಾಸಕ್ಕೆ ಸೇರಿಸಿ ಒಡಪು ಹೇಳಿಸಿದಾಗ ಮಾತ್ರ ಆ ಹೆಸರು ನನ್ನ ಬಾಯಿಂದ ಹೊರಟದ್ದು. ಉಳಿದಂತೆ ಅಡುಗೆಮನೆಯಿಂದ ಕರೆದರೂ ‘ರೀ’, ಸಂತೆಯಲ್ಲಿ ಕರೆದರೂ ‘ರೀ’.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಹೊಸದರಲ್ಲಿ, ಒಂದು ರವಿವಾರ ಬೆಳಗಾವಿಯಿಂದ ಜಾಂಬೋಟಿಗೆ ಹೋಗಿ, ಅಲ್ಲಿಂದ ಅಡವಿಯ ರಸ್ತೆ ಹಿಡಿದು ಖಾನಾಪುರಕ್ಕೆ ಬಂದು, ಮರಳಿ ಮನೆ ಸೇರುವುದೆಂದು ಹೊರಟೆವು. ಉದ್ದಕ್ಕೂ ಏರು, ಇಳಿವು. ಜಾಂಬೋಟಿ ದಾಟಿದ ಮೇಲೆ ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವರ ಕಣ್ಣೆಲ್ಲ ಫೋನಿನ ಮೇಲೆ. ಎಷ್ಟು ದೂರ ಬಂದೆವು, ಎಷ್ಟು ಎತ್ತರ ಹತ್ತಿದೆವು ಎಂದು ಅದು ತೋರಿಸುತ್ತಿತ್ತು. ‘ಮುಂದ ದೊಡ್ಡ ಏರ ಐತಿ. ಒಂದ ದಮ್ಮಿನ್ಯಾಗ ಹತ್ತಬೇಕ’ ಎಂದು ಎದ್ದರು. ನಾನು ಬುತ್ತಿಯ ಬಟ್ಟೆ ಕಟ್ಟುವಷ್ಟರಲ್ಲಿ ತಿರುವು ದಾಟಿ ಹೋಗಿದ್ದರು.

ಏರಿನ ನಡುಮಧ್ಯೆ ನನ್ನ ಸೈಕಲ್ಲಿನ ಚೈನು ಬಿತ್ತು. ಫೋನಿಗೆ ರೇಂಜ್ ಇಲ್ಲ. ಜನವಿಲ್ಲ, ಗಾಡಿಯಿಲ್ಲ. ಮರದ ಮೇಲೆ ನಾಲ್ಕಾರು ಮಂಗಗಳು ಕುಳಿತು ನನ್ನ ಪಜೀತಿ ನೋಡುತ್ತಿದ್ದವು. ಅವ್ವನನ್ನು ಮಣ್ಣು ಮಾಡಿ ಬಂದ ದಿನವೂ ನನಗೆ ಅಷ್ಟು ಒಂಟಿ ಎನಿಸಿರಲಿಲ್ಲ. ‘ರೀ…’ ಎಂದು ಕೂಗಿದೆ.

‘ಓ’ ಎಂದರು, ಮುಂದಿನ ತಿರುವಿನಾಚೆಯಿಂದ.

‘ಚೈನ್ ಬಿದ್ದೈತಿ ರೀ.’

‘ಸಾವಕಾಶ ಹಾಕ್ಕೊಂಡ ಬಾ. ಅವಸರ ಇಲ್ಲ. ನಾ ಇಲ್ಲೇ ನಿಂತೀನಿ.’

ನಮ್ಮವರ ಬಾಯಲ್ಲಿ ‘ಅವಸರ ಇಲ್ಲ’ ಎಂಬ ಮಾತು ಕೇಳಿ ಆಶ್ಚರ್ಯವಾಯಿತೇ ಹೊರತು ಸಂಶಯ ಬರಲಿಲ್ಲ. ದನಿ ಅವರದೇ. ಕೈಯೆಲ್ಲ ಮಸಿ ಮಾಡಿಕೊಂಡು ಚೈನು ಹಾಕಿ, ಸೈಕಲ್ ತಳ್ಳಿಕೊಂಡು ತಿರುವಿಗೆ ಬಂದರೆ ಅವರಿಲ್ಲ. ಮತ್ತೆ ಕರೆದೆ. ಇನ್ನೊಂದು ತಿರುವಿನಾಚೆಯಿಂದ ಉತ್ತರ ಬಂತು: ‘ಓ. ಭಾಳ ದಣದೇನು? ಕುಂದ್ರು, ನೀರ ಕುಡಿ. ನಾ ಎಲ್ಲೂ ಹೋಗಂಗಿಲ್ಲ.’

ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ನೀರು ಕುಡಿದೆ. ಮುಖ ಕಾಣದಿದ್ದದ್ದಕ್ಕೆ ಧೈರ್ಯ ಬಂತೋ ಏನೋ, ಮನಸ್ಸಿನಲ್ಲಿ ಕಟ್ಟಿಟ್ಟದ್ದು ಬಾಯಿಗೆ ಬಂದುಬಿಟ್ಟಿತು. ‘ರೀ, ಖರೇ ಹೇಳ್ತೀನಿ, ನನಗ ಸೈಕಲ್ ಸೇರೂದಿಲ್ಲ. ಒಂದ ದಿನಾನೂ ಸೇರಿಲ್ಲ. ನಿಮ್ಮ ಜೋಡಿ ನಾಕ ಮಾತ ಆಡಾಕ ಸಿಗತೈತಿ ಅಂತ ಬಂದೆ. ಅವ್ವ ಹೋದಾಗಿಂದ ಹೆಂಗ ಅದೀ ಅಂತ ಕೇಳೋರು ನನಗ ಯಾರೂ ಇಲ್ಲ.’

ತಿರುವಿನಾಚೆಯಿಂದ ಮೆಲ್ಲಗೆ, ‘ಗೊತ್ತೈತಿ. ಅದಕ್ಕs ನಿಂತೀನಿ’ ಎಂದರು.

ನಾನು ಅತ್ತುಬಿಟ್ಟೆ. ಎಷ್ಟೋ ದಿನಗಳ ಮೇಲೆ ಸಮಾಧಾನವಾಗಿ ಅತ್ತೆನೆನ್ನಬೇಕು. ಕಣ್ಣೊರೆಸಿಕೊಂಡು, ನಗುತ್ತ, ತಿರುವು ದಾಟಿದೆ. ಅಲ್ಲಿಗೆ ಏರು ಮುಗಿದು ರಸ್ತೆ ನೇರವಾಗಿ ಕೆಳಗಿಳಿದಿತ್ತು. ಕಣ್ಣು ಹಾಯುವವರೆಗೂ ಯಾರೂ ಇರಲಿಲ್ಲ. ಕರೆದರೆ ಓ ಎನ್ನಲಿಲ್ಲ.

ಇಳಿದು ಬಂದರೆ ಒಂದು ಹಳ್ಳಿಯ ಚಹಾದಂಗಡಿಯ ಮುಂದೆ ನಮ್ಮವರ ಸೈಕಲ್. ಬೆಂಚಿನ ಮೇಲೆ ಅವರು. ‘ಎಷ್ಟ ತಡಾ ಮಾಡಿದಿ! ಎರಡನೇ ಚಹಾ ಇದು’ ಎಂದರು.

‘ಮತ್ತ ಅಲ್ಲಿ ಏರಿನ್ಯಾಗ ನಿಂತಿದ್ರಲ್ಲ?’

‘ಹುಚ್ಚಿ, ಎಲ್ಲಿ ನಿಂತಿದ್ದೆ? ಎಲ್ಲೂ ಕಾಲ ಊರದs ಬಂದೇನಿ’ ಎಂದು ಹೆಮ್ಮೆಯಿಂದ ಹೇಳಿ, ಬಾಟಲಿಗೆ ನೀರು ತುಂಬಿಸಲು ನಳದ ಕಡೆ ಹೋದರು.

ಅಂಗಡಿಯಾಕೆ ಮರಾಠಿ ಮನೆಮಾತಿನ ಹೆಂಗಸು. ಅವರು ಬಂದು ಬಹಳ ಹೊತ್ತಾಯಿತೆಂದು ಅವಳೂ ಹೇಳಿದಳು. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಯಾರೋ ಓಗೊಟ್ಟರು ಎಂದಷ್ಟೇ ಹೇಳಿದೆ.

‘ಏನಂತ ಕರದ್ರಿ ಅಕ್ಕಾರ?’

‘ರೀ ಅಂತ.’

‘ಅದs ನೋಡ್ರಿ. ನಾವೂ ಮನ್ಯಾಗ ಗಂಡಗ ಅಹೋ ಅಂತೀವಿ. ಅಡವ್ಯಾಗ ಅನ್ನಂಗಿಲ್ಲ. ಹೆಸರಿಲ್ಲದ ಕೂಗಿಗೆ ಯಾರ ಬೇಕಾದ್ರೂ ಓ ಅಂತಾರ್ರಿ.’

ನಾನು ನಕ್ಕೆ. ಆದರೆ ಮನೆ ಸೇರುವ ತನಕ ಒಮ್ಮೆಯೂ ‘ರೀ’ ಎಂದು ಕರೆಯಲಿಲ್ಲ.

ಆಮೇಲೆ ನಾನೇ ನನ್ನ ಜೊತೆ ಬಹಳ ವಾದ ಮಾಡಿದೆ. ಗುಡ್ಡದ ಮಾರ್ದನಿಯೆಂದರೆ ನನ್ನ ‘ರೀ’ ನನಗೇ ತಿರುಗಿ ಬರಬೇಕಿತ್ತು, ಉತ್ತರವಲ್ಲ. ದನ ಕಾಯುವವನ ಚೇಷ್ಟೆಯೆಂದರೆ ನಮ್ಮವರ ದನಿ ಅವನಿಗೆಲ್ಲಿಂದ ಬಂತು? ದಣಿವಿನ ಭ್ರಮೆ ಎನ್ನಬಹುದು. ಬೇರೆಯವರು ಹೇಳಿದ್ದರೆ ನಾನೂ ಅದನ್ನೇ ಎನ್ನುತ್ತಿದ್ದೆ. ಆದರೆ ಮೊದಲ ‘ಓ’ ಕೇಳಿಸಿದಾಗ ಮರದ ಮೇಲಿನ ಮಂಗಗಳೆಲ್ಲ ನನ್ನನ್ನು ಬಿಟ್ಟು ಆ ತಿರುವಿನತ್ತ ಮುಖ ತಿರುಗಿಸಿದ್ದವು. ಇದಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರ ಸಿಕ್ಕಿಲ್ಲ.

ಆ ಸಂಜೆ ಮನೆಯಲ್ಲಿ ತಡೆಯಲಾರದೆ ನಮ್ಮವರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಯಾರಿರಬಹುದು ಎಂದೂ ಕೇಳಲಿಲ್ಲ. ಫೋನು ಕೆಳಗಿಟ್ಟು, ‘ಅವಗ ನೀ ಏನ ಹೇಳಿದಿ?’ ಎಂದರು. ಆ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತೇನೋ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬಾಯಿ ತೆರೆದೆ, ಆದರೆ ಈ ಸಲ ಎದುರಿಗೆ ಅವರ ಮುಖ ಕಾಣುತ್ತಿತ್ತು.

‘ಚೈನ್ ಬಿದ್ದೈತಿ ಅಂದೆ’ ಎಂದೆ.

ಅವರು ತಲೆಯಾಡಿಸಿದರು. ಮುಂದಿನ ರವಿವಾರದೊಳಗೆ ನನ್ನ ಸೈಕಲ್ಲಿಗೆ ಹೊಸ ಚೈನು ಹಾಕಿಸಿಕೊಂಡು ಬಂದರು. ಪ್ರೀತಿಯಿಂದಲೇ ತಂದರು, ಅದು ನನಗೆ ಗೊತ್ತು. ನಾನು ಈಗಲೂ ಅವರ ಹಿಂದೆ ಸೈಕಲ್ ತುಳಿಯುತ್ತಿದ್ದೇನೆ. ಅಂದು ತಿರುವಿನಾಚೆ ನಿಂತಿದ್ದವರು ಯಾರೋ, ಏನೋ, ಇವತ್ತಿಗೂ ತಿಳಿದಿಲ್ಲ. ನನಗೆ ಸೈಕಲ್ ಸೇರುವುದಿಲ್ಲ ಎಂಬ ಮಾತು ಈ ಭೂಮಿಯ ಮೇಲೆ ಆ ಓಗೊಟ್ಟವರೊಬ್ಬರಿಗೇ ಗೊತ್ತು.